ಕ್ವಿಲಿಯಂ ಸೋತಿದ್ದೆಲ್ಲಿ? ಸರ್ಕಾರದ ಹಣ, ಸಮುದಾಯದ ಅನುಮಾನ

ಸೌಮ್ಯವಾದಿ, ಬಹುತ್ವದ ಇಸ್ಲಾಂ ಪ್ರತಿಪಾದಿಸುತ್ತಿದ್ದ ಲಂಡನ್‌ನ ಚಿಂತಕರ ಚಾವಡಿ 'ಕ್ವಿಲಿಯಂ' 2021ರ ಏಪ್ರಿಲ್‌ನಲ್ಲಿ ಬಾಗಿಲು ಮುಚ್ಚಿತು. ಕೊರೊನಾ ಲಾಕ್‌ಡೌನ್ ನಡುವೆ ಲಾಭರಹಿತ ಸಂಸ್ಥೆ ನಡೆಸುವುದು ಕಷ್ಟವಾಯಿತು ಎಂದು ಸಹಸಂಸ್ಥಾಪಕ ಮಾಜಿದ್ ನವಾಜ್ ಕಾರಣ ನೀಡಿದರು. ಆದರೆ ಸಂಸ್ಥೆಯ ಬುಡ ಅದಕ್ಕೂ ಬಹಳ ಮೊದಲೇ ಅಲುಗಾಡಿತ್ತು.

2005ರ ಜುಲೈ 7ರಂದು ಲಂಡನ್‌ನಲ್ಲಿ ನಡೆದ ಬಾಂಬ್ ದಾಳಿ 52 ಜನರನ್ನು ಬಲಿ ಪಡೆಯಿತು. ಯುವಕರು ಉಗ್ರವಾದದತ್ತ ವಾಲುವುದನ್ನು ತಡೆಯಲು ಬ್ರಿಟನ್ ಸರ್ಕಾರ ಹಣ ಸುರಿಯತೊಡಗಿತು. ಕ್ವಿಲಿಯಂ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ, 2008ರಲ್ಲಿ. ಸಂಸ್ಥಾಪಕರಾದ ನವಾಜ್ ಮತ್ತು ಎಡ್ ಹುಸೇನ್ ಇಬ್ಬರೂ ಹಿಂದೆ 'ಹಿಜ್ಬ್ ಉತ್ ತಹ್ರೀರ್' ಸಂಘಟನೆಯಲ್ಲಿದ್ದವರು. ಇಸ್ಲಾಂ ಧರ್ಮ ಬೇರೆ, ಅದರ ಹೆಸರಿನ ರಾಜಕೀಯ ಸಿದ್ಧಾಂತ ಬೇರೆ ಎಂಬುದೇ ಅವರ ವಾದದ ತಿರುಳು. 1889ರಲ್ಲಿ ಲಿವರ್‌ಪೂಲ್‌ನಲ್ಲಿ ಮಸೀದಿ ತೆರೆದ ಇಂಗ್ಲಿಷ್ ವಕೀಲ ವಿಲಿಯಂ ಕ್ವಿಲಿಯಂ ಅವರ ಹೆಸರನ್ನೇ ಸಂಸ್ಥೆಗೆ ಇಡಲಾಯಿತು.

ಸೋರಿಕೆಯಾದ ಪಟ್ಟಿ

ವಾದದಲ್ಲಿ ಹುರುಳಿತ್ತು. ಪೆಟ್ಟು ಬಿದ್ದದ್ದು ನಂಬಿಕೆಗೆ. ಆರಂಭದಲ್ಲಿ ಸಂಸ್ಥೆ ನಡೆದದ್ದು ಬಹುಪಾಲು ಸರ್ಕಾರದ ಹಣದಲ್ಲಿ. 2010ರಲ್ಲಿ ಅದು ಭದ್ರತಾ ಅಧಿಕಾರಿಗಳಿಗೆ ಕಳುಹಿಸಿದ್ದ ಗೋಪ್ಯ ಟಿಪ್ಪಣಿ ಬಹಿರಂಗವಾಯಿತು. ಉಗ್ರರ ಸಿದ್ಧಾಂತಕ್ಕೆ ಹತ್ತಿರವಿರುವ ಗುಂಪುಗಳೆಂದು ಅದರಲ್ಲಿ ಪಟ್ಟಿ ಮಾಡಿದ್ದವುಗಳಲ್ಲಿ ಶಾಂತಿಯುತ ಮುಸ್ಲಿಂ ಸಂಘಟನೆಗಳೂ ಇದ್ದವು. ಚರ್ಚೆಗೆ ಕರೆದವರೇ ಚಾಡಿ ಹೇಳಿದರು ಎಂಬ ಭಾವನೆ ಸಮುದಾಯದಲ್ಲಿ ಬೇರೂರಿತು. ಮುಂದೆ ಸರ್ಕಾರದ ನೆರವೂ ನಿಂತಿತು.

ಹಾಗೆಂದು ಟೀಕೆಗಳೆಲ್ಲ ನ್ಯಾಯವಾಗಿರಲಿಲ್ಲ. ನವಾಜ್ ಅವರನ್ನು 'ಮುಸ್ಲಿಂ ವಿರೋಧಿ'ಗಳ ಪಟ್ಟಿಗೆ ಸೇರಿಸಿದ್ದ ಅಮೆರಿಕದ ಸದರ್ನ್ ಪಾವರ್ಟಿ ಲಾ ಸೆಂಟರ್, 2018ರಲ್ಲಿ ಕ್ಷಮೆ ಕೇಳಿ 33.75 ಲಕ್ಷ ಡಾಲರ್ ತೆರಬೇಕಾಯಿತು.

ಇಂಡೋನೇಷ್ಯಾದ ಬೇರೆ ದಾರಿ

ಇಂಡೋನೇಷ್ಯಾದಲ್ಲಿ ಇದೇ ಮಾತನ್ನು 1926ರಲ್ಲಿ ಸ್ಥಾಪನೆಯಾದ 'ನಹ್ದಲತುಲ್ ಉಲಮಾ' ಹೇಳುತ್ತಿದೆ. ಅದರ ಬೇರು ಇರುವುದು ಹಳ್ಳಿಗಳ ಧಾರ್ಮಿಕ ವಸತಿ ಶಾಲೆಗಳಲ್ಲಿ. ಮುಸ್ಲಿಮೇತರ ಸಹನಾಗರಿಕರನ್ನು 'ಕಾಫಿರ್' ಎನ್ನಬಾರದು ಎಂದು 2019ರಲ್ಲಿ ಅದರ ವಿದ್ವಾಂಸರೇ ಸಭೆ ಸೇರಿ ನಿರ್ಣಯಿಸಿದರು. ತಮ್ಮವರೇ ಆಡಿದ ಮಾತಿಗೆ ಇರುವ ತೂಕ ಅಧಿಕಾರಿಗಳಿಗೆ ಬರೆದ ವರದಿಗೆ ಬರುವುದಿಲ್ಲ.

ಆದರೆ ಅಲ್ಲಿಯೂ ಪರೀಕ್ಷೆ ತಪ್ಪಿಲ್ಲ. 2024ರಲ್ಲಿ ಧಾರ್ಮಿಕ ಸಂಘಟನೆಗಳಿಗೆ ಸರ್ಕಾರ ಗಣಿಗಾರಿಕೆಯ ಅವಕಾಶ ಕೊಟ್ಟಾಗ ನಹ್ದಲತುಲ್ ಉಲಮಾ ಅದನ್ನು ಒಪ್ಪಿಕೊಂಡಿತು. ಸಂಘಟನೆಯೊಳಗೇ ಅಪಸ್ವರ ಎದ್ದಿತು. ಉಗ್ರವಾದದ ವಿರುದ್ಧ ದನಿಯೆತ್ತುವವರಿಗೆ ಸರ್ಕಾರದ ನೆರವು ಬೇಕಾಗಬಹುದು. ಆದರೆ ಆ ನೆರವಿನ ಲೆಕ್ಕವನ್ನು ಮೊದಲು ಒಪ್ಪಿಸಬೇಕಿರುವುದು ತಮ್ಮದೇ ಸಮುದಾಯಕ್ಕೆ.