ಸೋತರೆ ಕಾಲ ಮುಗಿಯಿತೇ?

ನಮ್ಮ ಹನುಮಂತನಗರದ ಮನೆಗೆ ಭಾನುವಾರ ಬೆಳಿಗ್ಗೆ ಭಾವನವರು ಬಂದರೆಂದರೆ ಎರಡನೆಯ ಲೋಟ ಕಾಫಿಯ ಜೊತೆಗೆ ಒಂದು ವಾದವೂ ಆಗಲೇಬೇಕು. ರಾಮಾಂಜನೇಯ ಗುಡ್ಡ ಹತ್ತಿ ಇಳಿದು ಬಂದ ಉತ್ಸಾಹ ಅವರಿಗೆ; ಒಲೆಯ ಮುಂದೆ ನಿಂತ ಅವಸರ ನನಗೆ. ಮೊನ್ನೆ ಅವರು ಎತ್ತಿದ ಮಾತು ಬಾಕ್ಸಿಂಗಿನದು. "ನೋಡಮ್ಮ, ನಿಜವಾದ ದೊಡ್ಡ ಬಾಕ್ಸರ್ ತನ್ನ ಏರುಕಾಲದಲ್ಲಿ ಸೋಲುವುದೇ ಇಲ್ಲ. ಸೋತನೋ, ಅವನ ಕಾಲ ಮುಗಿಯಿತೆಂದೇ ಲೆಕ್ಕ" ಎಂದರು.

ಬಾಕ್ಸಿಂಗಿನ ಗೊಡವೆ ನನಗೇಕೆ ಎಂದು ಸುಮ್ಮನಿರುತ್ತಿದ್ದೆ. ಆದರೆ ಹಿಂದಿನ ದಿನವಷ್ಟೇ ನನ್ನ ಹದಿನೇಳು ವರ್ಷದ ಮಗಳು ಷಟಲ್ ಪಂದ್ಯದಲ್ಲಿ ಸೋತು ಬಂದು, ಊಟ ಬಿಟ್ಟು ಮಲಗಿದ್ದಳು. ಹೋದ ವರ್ಷ ಅದೇ ಪಂದ್ಯ ಗೆದ್ದವಳು. ಭಾವನವರ ಮಾತು ಎತ್ತ ತಿರುಗುತ್ತದೆಂದು ನನಗೆ ಗೊತ್ತಿತ್ತು. ತಿರುಗಿಯೂ ತಿರುಗಿತು: "ಇವಳದ್ದೂ ಅಷ್ಟೇ. ಆಟ ಸಾಕು, ಇನ್ನು ಓದಿಕೊಳ್ಳಲಿ."

ಈ ವಾದದಲ್ಲಿರುವ ಮೋಸ ನೋಡಿ. ಏರುಕಾಲವೆಂದರೇನು? ಸೋಲದ ಕಾಲ. ಸೋತರೆ? ಏರುಕಾಲ ಮುಗಿದಿದೆ. ಹೀಗೆ ಹೇಳುವವರು ಎಂದಾದರೂ ಸುಳ್ಳಾಗುವುದುಂಟೆ? ನನ್ನ ಕೈಯ ಹುಳಿ ಎಂದೂ ಕೆಡುವುದಿಲ್ಲ, ಕೆಟ್ಟ ದಿನ ಮಾಡಿದ್ದು ಹುಳಿಯೇ ಅಲ್ಲ ಎಂದ ಹಾಗಾಯಿತು!

1971ರ ಮಾರ್ಚಿನಲ್ಲಿ ಮಹಮ್ಮದ್ ಅಲಿ ಜೋ ಫ್ರೇಜಿಯರ್‌ಗೆ ಸೋತ. ಸೈನ್ಯಕ್ಕೆ ಸೇರಲೊಲ್ಲೆ ಎಂದದ್ದಕ್ಕೆ ಮೂರು ವರ್ಷಕ್ಕೂ ಮೀರಿ ಅವನನ್ನು ಅಖಾಡದಿಂದ ಹೊರಗಿಟ್ಟಿದ್ದರು, ಕಾಲಿನ ಚುರುಕು ಹೋಗಿತ್ತು ಎನ್ನುತ್ತಾರೆ ಭಾವ. ಒಪ್ಪೋಣ. ಆದರೆ 1974ರಲ್ಲಿ ಕಿನ್ಶಾಸಾದಲ್ಲಿ ಅದೇ ಅಲಿಯ ಮುಂದೆ ನೆಲಕ್ಕೆ ಬಿದ್ದ ಜಾರ್ಜ್ ಫೋರ್‌ಮನ್‌ಗೆ ಆಗ 25 ವರ್ಷ. ಅದುವರೆಗೆ ಸೆಣಸಿದ 40ರಲ್ಲಿ 40ನ್ನೂ ಗೆದ್ದವನು. ಅವನ ಕಾಲ ಒಂದೇ ರಾತ್ರಿಯಲ್ಲಿ ಮುಗಿದುಹೋಯಿತೆ? ರಾಕಿ ಮಾರ್ಸಿಯಾನೋ 49 ಗೆದ್ದು, ಒಂದನ್ನೂ ಸೋಲದೆ 1956ರಲ್ಲಿ ನಿವೃತ್ತನಾದದ್ದು ನಿಜ. ಅಪರೂಪವೆಂದೇ ಜನ ಅದನ್ನು ಇಂದಿಗೂ ನೆನೆಯುವುದು. ಅಪರೂಪವನ್ನೇ ನಿಯಮ ಮಾಡಿದರೆ ಹೇಗೆ?

ಅಷ್ಟು ದೂರ ಏಕೆ, ನಮ್ಮೂರಿಗೇ ಬನ್ನಿ. ಪ್ರಕಾಶ್ ಪಡುಕೋಣೆ ಮಲ್ಲೇಶ್ವರದ ಕೆನರಾ ಯೂನಿಯನ್ ಹಾಲಿನಲ್ಲಿ ಆಡಿ ಬೆಳೆದವರು. ಅಲ್ಲಿ ಮದುವೆಗಳಿದ್ದ ದಿನ ಆಟವಿಲ್ಲ. 1962ರಲ್ಲಿ ರಾಜ್ಯದ ಜೂನಿಯರ್ ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ಸೋತರು; ಎರಡು ವರ್ಷದಲ್ಲಿ ಅದನ್ನೇ ಗೆದ್ದರು. 1980ರ ಆಲ್ ಇಂಗ್ಲೆಂಡ್ ಫೈನಲಿನಲ್ಲಿ ಅವರು ಸೋಲಿಸಿದ್ದು ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್‌ನನ್ನು, ಅಂದರೆ ಹಿಂದಿನ ಎರಡು ವರ್ಷವೂ ಗೆದ್ದಿದ್ದವನನ್ನು. ಮರುವರ್ಷದ ಫೈನಲಿನಲ್ಲಿ ಅದೇ ಕಿಂಗ್ ಪ್ರಕಾಶರನ್ನು ಸೋಲಿಸಿದ. ಅದೇ 1981ರಲ್ಲಿ ಪ್ರಕಾಶ್ ಕೌಲಾಲಂಪುರದಲ್ಲಿ ವಿಶ್ವಕಪ್ ಗೆದ್ದರು. ಭಾವನವರ ಲೆಕ್ಕದಲ್ಲಿ 1980ಕ್ಕೆ ಕಿಂಗ್‌ನ ಕಾಲ ಮುಗಿದು, 81ಕ್ಕೆ ಮತ್ತೆ ಹುಟ್ಟಿ, ಅಷ್ಟರಲ್ಲಿ ಪ್ರಕಾಶರದು ಮುಗಿದು, ಕೆಲವೇ ತಿಂಗಳಲ್ಲಿ ಅದೂ ಮರಳಿ ಬಂದಿರಬೇಕು! ಇಬ್ಬರೂ ತಮ್ಮ ಏರುಕಾಲದಲ್ಲೇ ಇದ್ದರು. ಎದುರಿದ್ದವನೂ ದೊಡ್ಡವನಾಗಿದ್ದ, ಅಷ್ಟೆ. 'ಇವನ ಕಾಲ ಮುಗಿದಿತ್ತು' ಎನ್ನುವವರು ಸೋತವನನ್ನಷ್ಟೇ ಅಲ್ಲ, ಗೆದ್ದವನ ಬೆವರನ್ನೂ ಹಳಿಯುತ್ತಾರೆ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರಂತೂ ಈ ಮಾತಿಗೆ ವಿಷವೇ ಬೆರೆಯುತ್ತದೆ. ಮಣಿಪುರದ ಮೇರಿ ಕೋಮ್ 2001ರ ವಿಶ್ವ ಬಾಕ್ಸಿಂಗ್ ಫೈನಲಿನಲ್ಲಿ ಸೋತರು, 2002ರಲ್ಲಿ ಚಿನ್ನ ಗೆದ್ದರು. 2007ರಲ್ಲಿ ಅವಳಿ ಮಕ್ಕಳ ತಾಯಿಯಾದರು. 2008ರಲ್ಲಿ ಮತ್ತೆ ಚಿನ್ನ, 2010ರಲ್ಲಿ ಇನ್ನೊಂದು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ, ತಮ್ಮ ರೂಢಿಯ 48 ಕಿಲೋ ಬಿಟ್ಟು 51 ಕಿಲೋ ವರ್ಗದಲ್ಲಿ ಆಡಿ, ಸೆಮಿಫೈನಲಿನಲ್ಲಿ ಸೋತು ಕಂಚು ತಂದರು. ಮುಗಿಯಿತೆ? 2014ರಲ್ಲಿ ಏಷ್ಯಾಡ್ ಚಿನ್ನ, 2018ರಲ್ಲಿ ಆರನೆಯ ವಿಶ್ವ ಚಿನ್ನ.

ಭಾವನವರ ಮಗ ಸಿ.ಎ. ಪರೀಕ್ಷೆಯಲ್ಲಿ ಎರಡು ಸಲ ಫೇಲಾದ. ಅವನ ಕಾಲ ಮುಗಿಯಿತೆಂದು ಯಾರೂ ಅನ್ನಲಿಲ್ಲ. ಮೂರನೆಯ ಸಲಕ್ಕೆ ಅವನಿಗೆಂದೇ ಒಂದು ಕೋಣೆ ಬಿಡಿಸಿ, ಟೀವಿ ಬಂದ್ ಮಾಡಿ, ಬಾದಾಮಿ ಹಾಲು ಕೊಟ್ಟರು. ಒಳ್ಳೆಯದೇ ಮಾಡಿದರು. ಗಂಡು ಸೋತರೆ 'ಮುಂದಿನ ಸಲ ನೋಡೋಣ', ಹೆಣ್ಣು ಸೋತರೆ 'ಇನ್ನು ಸಾಕು'. ನಮ್ಮ ಎಷ್ಟು ಜನರ ಹಾಡು, ನೃತ್ಯ, ಓದು ಈ 'ಸಾಕು' ಎಂಬ ಎರಡಕ್ಷರದಲ್ಲಿ ನಿಂತುಹೋಯಿತೋ, ನೀವೇ ನೆನಪು ಮಾಡಿಕೊಳ್ಳಿ. ನನ್ನ ವೀಣೆಗೆ ಅಟ್ಟದ ಮೇಲೆ ಗವುಸು ಹಾಕಿ ಮೂವತ್ತು ವರ್ಷವಾಯಿತು.

ಇಷ್ಟನ್ನೂ ಭಾವನವರಿಗೆ ಹೇಳಿದೆ. ಅವರು ಲೋಟ ಕೆಳಗಿಟ್ಟು, "ಹಾಗಲ್ಲಮ್ಮ, ನಾನು ಹೇಳಿದ್ದು ಬಾಕ್ಸಿಂಗಿನ ಮಾತು" ಎಂದರು. "ನಾನೂ ಅದನ್ನೇ ಹೇಳುತ್ತಿರುವುದು ಭಾವ" ಎಂದೆ. ಒಳಗೆ ಮಗಳು ರ‍್ಯಾಕೆಟ್ಟಿನ ಚೀಲ ಹುಡುಕುವ ಸದ್ದು ಕೇಳಿಸಿತು. ಅವಳಿಗೆ ನಾಲ್ಕು ಇಡ್ಲಿ ಹಾಕಿ ತಟ್ಟೆ ಮುಂದಿಟ್ಟೆ.