ದೊಡ್ಡ ಗ್ರಂಥವನ್ನು ಓದುವ ಬಗೆ

ದಾದಾಭಾಯಿ ನವರೋಜಿಯವರ ಹೆಸರನ್ನು ಕೇಳದ ವಾಚಕರು ನಮ್ಮಲ್ಲಿ ವಿರಳ. ಅವರ ಮಹಾಗ್ರಂಥವನ್ನು ಓದಿದವರು ಅದಕ್ಕಿಂತಲೂ ವಿರಳ. ಭಾರತದ ದಾರಿದ್ರ್ಯವನ್ನೂ ಬ್ರಿಟಿಷರಿಗೆ ತರವಲ್ಲದ ಆಡಳಿತವನ್ನೂ ಕುರಿತು ೧೯೦೧ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಆ ಪುಸ್ತಕಕ್ಕೆ ಆರುನೂರಕ್ಕೂ ಮಿಕ್ಕ ಪುಟಗಳು. ದೇಶದ ಸಂಪತ್ತು ಹೊರಕ್ಕೆ ಸೋರಿಹೋಯಿತೆಂಬ ವಾದವನ್ನು ಇಂದಿಗೂ ಸಭೆಗಳಲ್ಲಿ ಕೇಳುತ್ತೇವೆ. ಒಬ್ಬರು ಹೇಳಿದ ಮೊತ್ತವನ್ನು ಮತ್ತೊಬ್ಬರು ಇಮ್ಮಡಿಸುತ್ತಾರೆ. ಸಭಿಕರು ಎರಡಕ್ಕೂ ಚಪ್ಪಾಳೆ ತಟ್ಟುತ್ತಾರೆ. ಮೂಲವನ್ನು ತೆರೆದು ನೋಡಬಲ್ಲವನೊಬ್ಬನೂ ಇಲ್ಲದಲ್ಲಿ ಇದಕ್ಕೆ ತಡೆಯೆಲ್ಲಿ?

ಇದಕ್ಕೆ ಸೋಮಾರಿತನವೊಂದೇ ಕಾರಣವೆಂದು ನಾವು ಹೇಳೆವು. ಮೊದಲ ಪುಟದಿಂದ ಕೊನೆಯವರೆಗೆ ಒಂದಕ್ಷರವನ್ನೂ ಬಿಡಬಾರದೆಂದು ಪಾಠಶಾಲೆಯಲ್ಲಿ ಕಲಿತ ನಿಯಮವು ಅಡ್ಡಬರುತ್ತದೆ. ಪುರಾಣದ ಪಾರಾಯಣಕ್ಕೆ ಅದು ಸರಿ. ಈ ಗ್ರಂಥವಾದರೋ ಹಲವು ವರ್ಷಗಳ ಪ್ರಬಂಧ, ಪತ್ರ, ಭಾಷಣಗಳ ಸಂಗ್ರಹ. ಒಂದೇ ಮಾತು ಹಲವು ಕಡೆ ಬರುತ್ತದೆ. ಅಂಥಲ್ಲಿ ಪುಟ ಮಗುಚಿದರೆ ಗ್ರಂಥಕರ್ತರಿಗೆ ಅಗೌರವವೇನೂ ಆಗದು.

೧೮೭೬ರಲ್ಲಿ ಮುಂಬಯಿಯಲ್ಲಿ ಓದಲ್ಪಟ್ಟ ದಾರಿದ್ರ್ಯವಿಷಯಕ ಪ್ರಬಂಧದಿಂದಲೇ ಪ್ರಾರಂಭಿಸತಕ್ಕದ್ದು. ಕೈಯಲ್ಲಿ ಸೀಸದಕಡ್ಡಿ ಇರಬೇಕು. ಅಲ್ಲಿಯ ಕೋಷ್ಟಕಗಳನ್ನು ಕಂಡು ನಾವೇ ಎರಡು ಸಲ ಪುಸ್ತಕವನ್ನು ಮುಚ್ಚಿಟ್ಟವರು. ಮೂರನೆಯ ಸಲ ಕಾಗದದ ಮೇಲೆ ಲೆಕ್ಕ ಮಾಡುತ್ತ ಹೋದಾಗ ದಾರಿ ತೆರೆಯಿತು. ಸರಕಾರಿ ವರದಿಗಳ ಸರಾಸರಿಯು ಹೇಗೆ ತಪ್ಪೆಂಬುದನ್ನು ನವರೋಜಿಯವರು ಆರಂಭದಲ್ಲಿಯೇ ತೋರಿಸುತ್ತಾರೆ. ನೂರು ಎಕರೆಯಲ್ಲಿ ಎಕರೆಗೆ ೧೦ ಮಣ, ಬೇರೆ ಹತ್ತು ಎಕರೆಯಲ್ಲಿ ೨೦ ಮಣ ಬೆಳೆದರೆ ಸರಾಸರಿಯು ೧೫ ಎನ್ನುವುದು ಕಚೇರಿಯ ಗಣಿತ. ಒಟ್ಟು ಬೆಳೆಯನ್ನು ಒಟ್ಟು ಎಕರೆಗಳಿಂದ ಭಾಗಿಸಿದರೆ ೧೧ ಕೂಡ ತುಂಬದು. ಇಷ್ಟು ತಿಳಿದವನಿಗೆ, ೧೮೬೭–೬೮ರ ಬ್ರಿಟಿಷ್ ಭಾರತದಲ್ಲಿ ತಲೆಗೆ ವರ್ಷಕ್ಕೆ ೨೦ ರೂಪಾಯಿಯ ಉತ್ಪನ್ನವೆಂಬ ಅವರ ನಿರ್ಣಯವು ಬರಿಯ ಘೋಷಣೆಯಾಗಿ ಉಳಿಯುವುದಿಲ್ಲ. ಅದರ ಒಂದೊಂದು ಮೆಟ್ಟಿಲನ್ನೂ ಅವನು ತಾನೇ ಹತ್ತಿನೋಡಬಲ್ಲನು.

ಅನಂತರ ಇಂಡಿಯಾ ಆಫೀಸಿನೊಡನೆ ನಡೆದ ಪತ್ರವ್ಯವಹಾರ. ರೈಲು, ವ್ಯಾಪಾರಗಳಿಂದಾಗುವ ಸಂಪತ್ತನ್ನು ಲೆಕ್ಕಕ್ಕೆ ಹಿಡಿಯಲಿಲ್ಲವೆಂದು ಅಲ್ಲಿಯ ಅಧಿಕಾರಿಯ ಆಕ್ಷೇಪ. ಸಾಗಿಸಿದ ಮಾತ್ರಕ್ಕೆ ಧಾನ್ಯವು ಹೆಚ್ಚುವುದಿಲ್ಲವೆಂದು ನವರೋಜಿಯವರ ಉತ್ತರ. ಇಲ್ಲಿ ವಾಚಕನು ಪಕ್ಷ ಹಿಡಿಯಲು ಆತುರಪಡದೆ, ಎದುರಾಳಿಯ ಮಾತನ್ನೂ ಅಷ್ಟೇ ತಾಳ್ಮೆಯಿಂದ ಓದಬೇಕು. ಇಂದಿನ ರಾಷ್ಟ್ರೀಯ ಆದಾಯದ ಲೆಕ್ಕದಲ್ಲಿ ಸಾಗಾಟದ ಸೇವೆಯೂ ಸೇರುತ್ತದೆ. ಆದುದರಿಂದ ಈ ಒಂದು ಅಂಶದಲ್ಲಿ ನಮ್ಮ ಪಿತಾಮಹರೊಡನೆ ಭಿನ್ನಾಭಿಪ್ರಾಯಕ್ಕೆ ಎಡೆಯುಂಟು. ಹೀಗೆಂದರೆ ಕೆಲವರಿಗೆ ಸಿಟ್ಟು ಬಂದೀತು. ಆದರೆ ಆಳುವವರ ಅಂಕಿಗಳನ್ನು ಹಾಗೆಯೇ ನಂಬದೆ ಮತ್ತೆ ಎಣಿಸಿದ ಮಹನೀಯರು ತಮ್ಮ ಅಂಕಿಗಳನ್ನು ಮಾತ್ರ ಕಣ್ಣುಮುಚ್ಚಿ ನಂಬಿರೆಂದು ಹೇಳಿಯಾರೆ?

ಒಬ್ಬನಿಗೆ ಇದು ಭಾರವೆನಿಸಿದರೆ ವಾಚನಾಲಯಗಳಲ್ಲಿ ನಾಲ್ವರು ಕೂಡಿ ಕುಳಿತುಕೊಳ್ಳಲಿ. ಒಬ್ಬನು ಓದಲಿ, ಇನ್ನೊಬ್ಬನು ಕನ್ನಡದಲ್ಲಿ ಅರ್ಥ ಹೇಳಲಿ, ಮೂರನೆಯವನು ಲೆಕ್ಕ ಹಾಕಲಿ. ಒಪ್ಪದಿರುವ ಕೆಲಸವನ್ನು ನಾಲ್ಕನೆಯವನಿಗೆ ಬಿಡಬಹುದು. ದಿನಕ್ಕೆ ಐದು ಪುಟಗಳಂತೆ ನಡೆದರೂ ೧೮೭೬ರ ಪ್ರಬಂಧವು ಬೇಸಗೆಯ ರಜೆಯೊಳಗಾಗಿ ಮುಗಿಯುವುದು.