ಅಡವಿ ಹಾದಿಯ ಗೇಟು, ಸಾಲದ ಟ್ರ್ಯಾಕ್ಟರು



ನವಲಗುಂದ, ಅಣ್ಣಿಗೇರಿ ಕಡೆಯ ಎರೆಭೂಮಿಯವರಿಗೆ ಎತ್ತ ನೋಡಿದರೂ ಬಯಲು. ನಿಮ್ಮ ಹೊಲದ ಹಾದಿಗೆ ಯಾರಾದರೂ ಅಡ್ಡ ಬಂದರೆ ಅವನು ಬದುವಿನ ಆಚೆಯ ದಾಯಾದಿ. ನಾಲ್ಕು ಮಂದಿ ಹಿರಿಯರನ್ನು ಕೂಡಿಸಿ ಬಗೆಹರಿಸಿಕೊಳ್ಳುತ್ತೀರಿ. ನಮ್ಮ ಕಲಘಟಗಿ ತಾಲೂಕಿನ ಮಾತು ಬೇರೆ. ತಂಬೂರ, ದೇವಿಕೊಪ್ಪದ ಕಡೆ ಅಡವಿ ದಂಡೆಗೆ ಹೊಲ ಇದ್ದವನು ಗೊಬ್ಬರ ಒಯ್ಯಬೇಕಾದರೂ ಅಡವಿ ಹಾದಿ ತುಳಿಯಬೇಕು, ಗೋವಿನಜೋಳ ಮನೆಗೆ ತರಬೇಕಾದರೂ ಅದೇ ಹಾದಿ. ಅಲ್ಲಿ ಅಡ್ಡ ನಿಲ್ಲುವವನು ದಾಯಾದಿ ಅಲ್ಲ, ಸರ್ಕಾರ. ಸರ್ಕಾರವನ್ನು ಕಟ್ಟೆಗೆ ಕರೆಸಿ ಬುದ್ಧಿ ಹೇಳುವ ಹಿರಿಯರು ಯಾವ ಊರಲ್ಲಿದ್ದಾರೆ?

ಅಡವಿಯೊಳಗೆ ಮೋಟಾರು ಗಾಡಿ ಬಿಡಬೇಕೋ ಬೇಡವೋ, ಬಿಟ್ಟರೆ ಯಾರದನ್ನು, ಯಾವ ಹೊತ್ತಿನಲ್ಲಿ? ಈ ಪ್ರಶ್ನೆಯನ್ನು ಪ್ಯಾಟಿಯ ಪರಿಸರದವರು ಒಂದು ಕಡೆ, ರೆಸಾರ್ಟು ಧಂದೆಯವರು ಇನ್ನೊಂದು ಕಡೆ ಹಿಡಿದು ಜಗ್ಗುತ್ತಿದ್ದಾರೆ. ದಂಡೆಯ ಮೇಲೆ ಕುಳಿತ ರೈತನನ್ನು ಕೇಳಿದವರಿಲ್ಲ. ಇದು ಬರೇ ಅಡವಿಯ ಪ್ರಶ್ನೆ ಅಲ್ಲ, ಸಾಲದ ಪ್ರಶ್ನೆಯೂ ಹೌದು. ಅದಕ್ಕೇ ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ಈ ಹಾದಿಗಳು ಚಕ್ಕಡಿಗೆ ಹುಟ್ಟಿದವು. ಗ್ರಾಮ ನಕಾಶೆ ತೆಗೆದು ನೋಡಿರಿ, ಚುಕ್ಕೆ ಚುಕ್ಕೆಯ ಗೆರೆಯಲ್ಲಿ ಚಕ್ಕಡಿ ಹಾದಿ ಬೇರೆ, ಕಾಲುಹಾದಿ ಬೇರೆ ತೋರಿಸಿರುತ್ತಾರೆ. ಆಮೇಲೆ ಎತ್ತು ಹೋದವು, ಟ್ರ್ಯಾಕ್ಟರು ಬಂತು. ಶೋಕಿಗೆ ಬರಲಿಲ್ಲ. ಆಳು ಸಿಗಲಿಲ್ಲ, ಮೇವು ತುಟ್ಟಿಯಾಯಿತು, ಎತ್ತಿನ ಜೋಡಿ ಕಟ್ಟುವುದು ಬಡವನ ಕೈಗೆ ನಿಲುಕದಾಯಿತು. ಎತ್ತಿನ ಕೊರಳಲ್ಲಿ ಗಂಟೆ ಇತ್ತು, ಟ್ರ್ಯಾಕ್ಟರಿನ ಕೊರಳಲ್ಲಿ ಬ್ಯಾಂಕಿನ ಕಂತು ಇದೆ. ಹಾದಿ ಮಾತ್ರ ಅದೇ. ಚಕ್ಕಡಿ ಹಾಯುವಾಗ ಕೇಳದಿದ್ದ ಪ್ರಶ್ನೆಗಳನ್ನು ಈಗ ಟ್ರ್ಯಾಕ್ಟರಿಗೆ ಕೇಳುತ್ತಾರೆ.

ಗೇಟು ಬೇಡವೇ ಬೇಡ ಎನ್ನುವವನು ನಾನಲ್ಲ. ರಾತ್ರಿ ಸಾಗವಾನಿ ಸಾಗಿಸುವವನಿಗೆ ಗೇಟು ಇರಲೇಬೇಕು. ರವಿವಾರ ಬಂತೆಂದರೆ ಮೋಜಿಗಾಗಿ ಮೋಟಾರುಬೈಕು, ಜೀಪು ತಂದು ಕೆಸರಲ್ಲಿ ಕುಣಿಸುವವರಿಗೂ ಇರಲಿ. ಮಳೆಗಾಲದಲ್ಲಿ ಹಸಿ ನೆಲದ ಮೇಲೆ ಗಾಲಿ ಹಾಯ್ದರೆ ಜಾಡು ಬೀಳುತ್ತದೆ, ಜಾಡು ಕೊರಕಲಾಗುತ್ತದೆ, ಅಡವಿಯ ಮಣ್ಣು ಹರಿದು ಕೆರೆಗೆ ಬಂದು ಕೂಡುತ್ತದೆ. ಕೆರೆಯಲ್ಲಿ ಹೂಳು ತುಂಬಿದರೆ ನೀರು ಕಡಿಮೆ ಬೀಳುವುದು ನಮ್ಮ ಗದ್ದೆಗೇ. ಇನ್ನು ಆನೆ. ಭತ್ತ, ಕಬ್ಬು ಕೈಗೆ ಬರುವ ಹೊತ್ತಿಗೆ ದಾಂಡೇಲಿ, ಹಳಿಯಾಳದ ಅಡವಿಯಿಂದ ಆನೆ ಈ ಕಡೆ ಇಳಿಯುತ್ತವೆ. ರಾತ್ರಿ ಅಡವಿಯೊಳಗೆ ಲೈಟು ಹಾಕಿ, ಹಾರ್ನು ಹೊಡೆದು ಗಾಡಿ ಓಡಿಸಿದರೆ ಬೆದರಿದ ಆನೆ ಎಲ್ಲಿಗೆ ಹೋದೀತು? ನಮ್ಮ ಹೊಲಕ್ಕೇ ಹೊಕ್ಕೀತು.

ನಮ್ಮವರೆಲ್ಲ ಸಾಚಾ ಎಂದೂ ನಾನು ಹೇಳುವುದಿಲ್ಲ. ಬಾಡಿಗೆಯ ಆಸೆಗೆ ಕಟ್ಟಿಗೆ ಕಳ್ಳರ ಕೈಗೆ ಟ್ರ್ಯಾಕ್ಟರು ಕೊಡುವವರು ನಮ್ಮಲ್ಲೂ ಇದ್ದಾರೆ. ಅಂಥವನ ಗಾಡಿ ಹಿಡಿದರೆ ಬಿಡಿಸಲಿಕ್ಕೆ ಸಂಘ ಹೋಗಬಾರದು.

ನನ್ನ ತಕರಾರು ಬೇರೆ. ಗೇಟಿನ ಮೇಲೆ ಏನು ಬರೆದಿರುತ್ತದೆ? ‘ಪ್ರವೇಶ ನಿಷೇಧಿಸಿದೆ’. ಯಾರಿಗೆ? ಯಾವ ಗಾಡಿಗೆ? ಎಷ್ಟು ಗಂಟೆಯಿಂದ ಎಷ್ಟು ಗಂಟೆಯ ತನಕ? ಯಾವ ತಾರೀಖಿನ ಯಾವ ಆದೇಶದಂತೆ? ಅದೇನೂ ಇರುವುದಿಲ್ಲ. ಆಗ ಕಾಯಿದೆ ಬೋರ್ಡಿನ ಮೇಲೆ ಇರುವುದಿಲ್ಲ, ಕಾವಲುಗಾರನ ಬಾಯಲ್ಲಿ ಇರುತ್ತದೆ. “ಇವತ್ತ ಹೋಗ್ರಿ. ನಾಳೆ ಸಾಹೇಬ್ರು ಬರ್ತಾರ, ಬರಬ್ಯಾಡ್ರಿ” ಅಂತಾನ. ಮುಖ ನೋಡಿ ತೆರೆಯುವ ಗೇಟು ಪರಿಚಯ ಇದ್ದವನಿಗೆ ತೆರೆಯುತ್ತದೆ, ಇಲ್ಲದವನಿಗೆ ಮುಚ್ಚುತ್ತದೆ. ಕಾವಲುಗಾರನನ್ನು ಬೈದೂ ಫಾಯದೆ ಇಲ್ಲ. ಅವನೂ ನಮ್ಮಂಥ ರೈತನ ಮಗನೇ, ರಾತ್ರಿಯೆಲ್ಲ ಕೈಯಲ್ಲಿ ಒಂದು ಬ್ಯಾಟರಿ ಹಿಡಿದು ಅಡವಿ ತಿರುಗುವವ. ಅವನ ಕೈಗೂ ಯಾರೂ ಬರೆದ ಹಾಳೆ ಕೊಟ್ಟಿಲ್ಲ.

ಕೆಲವು ಕಡೆ ಗೇಟೂ ಇಲ್ಲ. ಜೆ.ಸಿ.ಬಿ. ತಂದು ಗಡಿಗುಂಟ ಕಂದಕ ತೋಡುವಾಗ ಹಾದಿಯನ್ನೂ ಕಡಿದುಬಿಡುತ್ತಾರೆ. ಆನೆ ತಡೆಯುವ ಕಂದಕ ಬೇಕು, ಅದನ್ನು ಕೇಳುವವರು ನಾವೇ. ಆದರೆ ಹಳೆಯ ಹಾದಿ ಬಂದಲ್ಲಿ ಗೇಟು ಹಾಕಿದ ಒಂದು ಸಣ್ಣ ಪೂಲು ಕಟ್ಟಬಾರದೇ?

ಹಾದಿ ಮುಚ್ಚುವ ಅಧಿಕಾರ ಇಲಾಖೆಗೆ ಇಲ್ಲವೆಂದಲ್ಲ. ಬ್ರಿಟಿಷರು ಮಾಡಿದ 1927ರ ಭಾರತ ಅರಣ್ಯ ಕಾಯಿದೆಯ 25ನೆಯ ಕಲಮು ಓದಿಸಿ ನೋಡಿರಿ. ಕಾಯ್ದಿಟ್ಟ ಅರಣ್ಯದೊಳಗಿನ ಹಾದಿಯನ್ನು ಅರಣ್ಯಾಧಿಕಾರಿ ಮುಚ್ಚಬಹುದು. ಆದರೆ ಸರ್ಕಾರದ ಮಂಜೂರಿ ಮೊದಲೇ ಪಡೆದಿರಬೇಕು ಮತ್ತು ಅದಕ್ಕೆ ಬದಲಾಗಿ ಅನುಕೂಲವಾದ ಬೇರೆ ಹಾದಿ ಇರಬೇಕು, ಇಲ್ಲವೇ ಇಲಾಖೆಯೇ ಮಾಡಿಕೊಡಬೇಕು. ನಮ್ಮ ರಾಜ್ಯದ 1963ರ ಕಾಯಿದೆಯಲ್ಲೂ ಅದೇ ಮಾತು ಉಂಟು. ಕೆಂಪು ಮುಖದ ಸಾಹೇಬನಿಗೆ ತಿಳಿದದ್ದು ನಮ್ಮ ಸಾಹೇಬರಿಗೆ ತಿಳಿಯಬಾರದೇನು?

ಈಗ ಸಾಲದ ಲೆಕ್ಕಕ್ಕೆ ಬರೋಣ. 1963ರ ಕರ್ನಾಟಕ ಅರಣ್ಯ ಕಾಯಿದೆಯ 62ನೆಯ ಕಲಮಿನಂತೆ, ಅಡವಿ ಉತ್ಪನ್ನದ ಮೇಲೆ ಅಪರಾಧ ನಡೆದಿದೆಯೆಂದು ನಂಬಲು ಕಾರಣ ಇದ್ದರೆ ಮಾಲಿನ ಜೊತೆಗೆ ಹತಾರ, ಗಾಡಿ, ದನ ಎಲ್ಲವನ್ನೂ ಹಿಡಿಯಬಹುದು. 71-ಎ ಕಲಮು ಇನ್ನೂ ಬಿಗಿ. ಕೋರ್ಟಿನಲ್ಲಿ ಖಟ್ಲೆ ನಡೆಯಲಿ ಬಿಡಲಿ, ಇಲಾಖೆಯ ಅಧಿಕಾರಿಯೇ ಗಾಡಿಯನ್ನು ಸರ್ಕಾರಕ್ಕೆ ಮುಟ್ಟುಗೋಲು ಹಾಕಬಹುದು. ಆ ಕಲಮಿನಲ್ಲಿ ಮರಮುಟ್ಟು, ಗಂಧ, ಆನೆದಂತ ಅಷ್ಟೇ ಇದೆಯೆಂದು ತಿಳಿಯಬೇಡಿರಿ. ಉರುವಲು ಕಟ್ಟಿಗೆಯೂ ಇದೆ, ಇದ್ದಿಲೂ ಇದೆ. ನಿಮ್ಮ ಡ್ರೈವರ್ ಒಲೆಗೆ ಆಗಲಿ ಎಂದು ಟ್ರೇಲರಿನಲ್ಲಿ ಒಂದು ಹೊರೆ ಅಡವಿ ಕಟ್ಟಿಗೆ ಒಗೆದುಕೊಂಡು ಬಂದ ಅಂತ ತಿಳೀರಿ. ಇದು ನನಗೆ ಗೊತ್ತಿರಲಿಲ್ಲ, ಹೀಗಾಗಬಾರದೆಂದು ತಕ್ಕ ಎಚ್ಚರಿಕೆ ನಾನು ತೆಗೆದುಕೊಂಡಿದ್ದೆ ಎಂದು ಸಾಬೀತು ಮಾಡುವ ಭಾರ ಮಾಲಕನ ಮೇಲೆ. ಮುಟ್ಟುಗೋಲಿಗೆ ಮುಂಚೆ ನಿಮಗೆ ನೋಟೀಸು ಕೊಡಬೇಕು, ನಿಮ್ಮ ಮಾತು ಕೇಳಬೇಕು. ಆದೇಶ ಮುಟ್ಟಿದ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಅಪೀಲು ಹೋಗಬಹುದು. ಈ 30 ದಿನದ ಮಾತನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಿರಿ.

ಅಲ್ಲಿಯ ತನಕ ಗಾಡಿ ಕೊಡಿರಿ ಎಂದರೆ? 2000ರಲ್ಲಿ ಕರ್ನಾಟಕದ್ದೇ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಅರಣ್ಯ ಅಪರಾಧದಲ್ಲಿ ಹಿಡಿದ ಗಾಡಿಯನ್ನು ಸಾಮಾನ್ಯವಾಗಿ ಬಿಡಬಾರದು, ವಿಶೇಷ ಕಾರಣಕ್ಕೆ ಬಿಟ್ಟರೂ ಕಡಿಮೆಯೆಂದರೆ ಬ್ಯಾಂಕ್ ಗ್ಯಾರಂಟಿ ಪಡೆಯಬೇಕು ಎಂದು ಹೇಳಿತು. ಕಳ್ಳಮಾಲಿನ ಲಾರಿಗೆ ಅದು ತಕ್ಕ ಮಾತು. ಆದರೆ ಬ್ಯಾಂಕಿಗೇ ಸಾಲ ಕೊಡಬೇಕಾದ ರೈತನಿಗೆ ಯಾವ ಬ್ಯಾಂಕು ಗ್ಯಾರಂಟಿ ಕೊಟ್ಟೀತು?

ಲೆಕ್ಕ ಹಾಕಿರಿ. ಟ್ರ್ಯಾಕ್ಟರಿನ ಮೇಲೆ 6 ಲಕ್ಷ ಸಾಲ, ನೂರಕ್ಕೆ 12ರ ಬಡ್ಡಿ ಎಂದು ಹಿಡಿಯಿರಿ. ತಿಂಗಳಿಗೆ ಬಡ್ಡಿಯೇ 6,000 ರೂಪಾಯಿ. ಗಾಡಿ ನಾಲ್ಕು ತಿಂಗಳು ಅಂಗಳದಲ್ಲಿ ತುಕ್ಕು ಹಿಡಿದರೆ 24,000. ಅಸಲು ಅಲ್ಲೇ ಇರುತ್ತದೆ. ಅದೇ ಹೊತ್ತಿಗೆ ಕಡಿದ ಕಬ್ಬು ಹೊಲದಲ್ಲಿ ಒಣಗಿ ತೂಕ ಇಳಿಯುತ್ತದೆ, ಬಾಡಿಗೆ ಟ್ರ್ಯಾಕ್ಟರಿಗೆ ಕೈಗಡ ಆಗುತ್ತದೆ, ವಕೀಲರ ಫೀಜು ಬೇರೆ. ಕಂತು ತಪ್ಪಿದವನಿಗೆ ಮುಂದಿನ ಸಾಲ ಹುಟ್ಟುವುದಿಲ್ಲ. ಅಡವಿಯ ಒಂದು ಹೊರೆ ಕಟ್ಟಿಗೆ ಹೊಲದ ಉತಾರದ ತನಕ ಬಂತಲ್ಲ! ಆದಕಾರಣ ನನ್ನ ಮಾತು ಕೇಳಿರಿ: ಸ್ವಂತ ಹೊಲದ ಮಾಲು ಬಿಟ್ಟು ಅಡವಿಯ ಒಂದು ಕಡ್ಡಿಯನ್ನೂ ಟ್ರೇಲರಿನಲ್ಲಿ ಹಾಕಬೇಡಿರಿ, ಡ್ರೈವರಿಗೂ ತಾಕೀತು ಮಾಡಿರಿ. ಸರ್ಕಾರಕ್ಕೂ ಒಂದು ಮಾತು: ಹೊತ್ತು ತಪ್ಪಿಯೋ ಹಾದಿ ತಪ್ಪಿಯೋ ಒಳಗೆ ಬಂದ ಗಾಡಿ ಬೇರೆ, ಕಳ್ಳಮಾಲು ಹೊತ್ತ ಗಾಡಿ ಬೇರೆ. ಮೊದಲಿನದಕ್ಕೆ ದಂಡ ಹಾಕಿ ಪಾವತಿ ಕೊಟ್ಟು ಬಿಡಿರಿ. ಎರಡನ್ನೂ ಒಂದೇ ಕಣ್ಣಿಗೆ ಕಟ್ಟಬೇಡಿರಿ.

ಕಾಯಿದೆ ಮಾಡುವವರ ತಲೆಯಲ್ಲಿ ಹಳ್ಳಿಯವನೆಂದರೆ ತಲೆಹೊರೆಯವ. 2006ರ ಅರಣ್ಯ ಹಕ್ಕು ಕಾಯಿದೆಗೆ ಮಾಡಿದ 2007ರ ನಿಯಮ ನೋಡಿರಿ. ಹಕ್ಕುದಾರರು ಅಡವಿಯ ಕಿರು ಉತ್ಪನ್ನವನ್ನು ತಲೆಹೊರೆ, ಸೈಕಲ್ಲು, ಕೈಗಾಡಿಯಲ್ಲಿ ಸಾಗಿಸಬಹುದೆಂದಿತ್ತು. ಮೋಟಾರಿಗೆ ಹಳೆಯ ಸಾಗಾಣಿಕೆ ನಿಯಮವೇ ಕಾಯಂ. ಐದು ವರ್ಷ ಬೇಕಾಯಿತು, 2012ರ ತಿದ್ದುಪಡಿಯಲ್ಲಿ ‘ತಕ್ಕ ಸಾಗಣೆ ಸಾಧನ’ ಎಂಬ ಮಾತು ಬರಲಿಕ್ಕೆ. ಕಬ್ಬಿಗೆ, ಗೋವಿನಜೋಳಕ್ಕೆ ಆ ನಿಯಮ ಹತ್ತುವುದಿಲ್ಲ ನಿಜ. ಆದರೆ ಅದೇ ಕಾಯಿದೆಯ 3(2)ನೆಯ ಕಲಮು ರಸ್ತೆಯ ಹೆಸರು ಎತ್ತಿದೆ: ಒಂದು ಹೆಕ್ಟೇರಿಗಿಂತ ಕಡಿಮೆ ಜಾಗ, ಹೆಕ್ಟೇರಿಗೆ 75ಕ್ಕಿಂತ ಹೆಚ್ಚು ಮರ ಬೀಳಬಾರದು, ಗ್ರಾಮಸಭೆಯ ಶಿಫಾರಸು ಬೇಕು. ಶಿಫಾರಸು ಮಾಡುವ ಅಧಿಕಾರ ನಮ್ಮ ಕೈಗೆ ಕೊಟ್ಟಿದ್ದಾರೆ, ಅದನ್ನು ಗಂಟು ಕಟ್ಟಿ ಜಂತಿಗೆ ಸಿಕ್ಕಿಸಿ ಇಟ್ಟಿದ್ದೇವೆ.

ಗಾಲಿಗೂ ಅಡವಿಗೂ ಹೊಂದಾಣಿಕೆ ಆಗುವುದೇ ಇಲ್ಲ ಎನ್ನುವವರು ಉಳವಿ ಜಾತ್ರೆ ನೋಡಲಿ. ಭರತ ಹುಣ್ಣಿಮೆಯ ಹೊತ್ತಿಗೆ ನಮ್ಮ ಜಿಲ್ಲೆಯಿಂದ, ಬೆಳಗಾವಿ ಕಡೆಯಿಂದ ಚಕ್ಕಡಿಗಳು ಸಾಲುಗಟ್ಟಿ ಚನ್ನಬಸವಣ್ಣನ ಸನ್ನಿಧಿಗೆ ಹೋಗುತ್ತವೆ. ಈಗ ಟ್ರ್ಯಾಕ್ಟರೂ ಸೇರಿವೆ. ಹಾದಿ ಇರುವುದು ಈಗಿನ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಅಡವಿಯಲ್ಲಿ. ಅದು ಹೇಗೆ ನಡೆದುಬಂತು? ಯಾವ ಹಾದಿಯಿಂದ ಬರುತ್ತಾರೆ, ಎಂದು ಬರುತ್ತಾರೆ, ಎಂದು ತಿರುಗುತ್ತಾರೆ ಎಲ್ಲರಿಗೂ ಗೊತ್ತು. ಹಾದಿ ಗೊತ್ತು, ಹೊತ್ತು ಗೊತ್ತು. ನಾವು ಕೇಳುವುದೂ ಅಷ್ಟೇ.

ಇನ್ನೊಂದು ತುದಿಯಲ್ಲಿ ಬಂಡೀಪುರ. ಗುಂಡ್ಲುಪೇಟೆಯಿಂದ ವಯನಾಡಿಗೆ ಒಂದು, ಊಟಿಗೆ ಒಂದು, ಎರಡು ಹೆದ್ದಾರಿ ಆ ಅಡವಿ ಸೀಳಿ ಹೋಗುತ್ತವೆ. 2009ರ ಜೂನಿನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ರಾತ್ರಿ 9ರಿಂದ ಬೆಳಗಿನ 6ರ ತನಕ ಗಾಡಿ ಬಂದ್ ಮಾಡಿದರು. ಒತ್ತಡ ಬಂದು ಕೆಲವೇ ದಿನದಲ್ಲಿ ಆದೇಶ ಹಿಂದೆ ಹೋಯಿತು. ಕೆಲವರು ಹೈಕೋರ್ಟಿಗೆ ಹೋದರು. 2010ರ ಮಾರ್ಚಿನಲ್ಲಿ ಹೈಕೋರ್ಟು ನಿಷೇಧವನ್ನು ಎತ್ತಿಹಿಡಿಯಿತು. ಕೇರಳದವರು ಗದ್ದಲ ಹಾಕಿದರು, ಪ್ರಕರಣ ಸುಪ್ರೀಂ ಕೋರ್ಟಿನ ತನಕ ಹೋಯಿತು. ನಿಷೇಧ ನನಗೆ ಸರಿ ಕಾಣುತ್ತದೆ. ಯಾಕೆಂದರೆ ಅಲ್ಲಿ ಎಲ್ಲ ಬರಹದಲ್ಲಿದೆ: ಗಂಟೆ ಬರೆದಿದೆ, ಆಂಬುಲೆನ್ಸಿಗೆ ಮತ್ತು ಗೊತ್ತುಪಡಿಸಿದ ಕೆಲವು ಸರ್ಕಾರಿ ಬಸ್ಸಿಗೆ ವಿನಾಯಿತಿ ಇದೆ, ಹುಣಸೂರು, ಗೋಣಿಕೊಪ್ಪ, ಕುಟ್ಟದ ಮೇಲೆ ಬದಲಿ ರಸ್ತೆ ತೋರಿಸಿದ್ದಾರೆ. ತರಕಾರಿ ಲಾರಿಯವನು ಎಷ್ಟು ಗಂಟೆಗೆ ಹೊರಡಬೇಕೆಂದು ಲೆಕ್ಕ ಹಾಕಿಕೊಳ್ಳುತ್ತಾನೆ. ಹೆದ್ದಾರಿಗೆ ಸಿಕ್ಕ ನ್ಯಾಯ ಹೊಲದ ಹಾದಿಗೆ ಯಾಕೆ ಸಿಗಬಾರದು? 1988ರ ಮೋಟಾರು ವಾಹನ ಕಾಯಿದೆಯ 115ನೆಯ ಕಲಮಿನಂತೆ, ರಸ್ತೆಯ ಮೇಲೆ ಒಂದು ತಿಂಗಳಿಗಿಂತ ಹೆಚ್ಚು ಕಾಲ ನಿರ್ಬಂಧ ಹಾಕಬೇಕಾದರೆ ಗೆಜೆಟ್ಟಿನಲ್ಲಿ ಪ್ರಕಟಿಸಬೇಕು, ಜಾಗದಲ್ಲಿ ಫಲಕವನ್ನೂ ನಿಲ್ಲಿಸಬೇಕು. (ಬೋರ್ಡಿನ ಬೆಲೆ ನಮಗೆ ಹೊಸದಲ್ಲ. 1980ರ ದಶಕದಲ್ಲಿ ರೈತ ಸಂಘದವರು ಅಪ್ಪಣೆ ಇಲ್ಲದೆ ಅಧಿಕಾರಿಗಳು ಊರೊಳಗೆ ಬರಬಾರದೆಂದು ಊರ ಬಾಯಿಗೇ ಬೋರ್ಡು ಹಾಕಿದ್ದರು.)

ಅಮೆರಿಕದ ಸರ್ಕಾರಿ ಅಡವಿಗಳಲ್ಲಿ 2005ರಲ್ಲಿ ಒಂದು ನಿಯಮ ಮಾಡಿದರು. ಪ್ರತಿ ಅಡವಿಗೂ ಒಂದು ಗಾಡಿ ನಕಾಶೆ. ಯಾವ ಹಾದಿ, ಯಾವ ನಮೂನೆ ಗಾಡಿಗೆ, ವರ್ಷದ ಯಾವ ತಿಂಗಳಲ್ಲಿ ತೆರೆದಿದೆ ಎಂದು ಅಚ್ಚು ಹಾಕಿಸಿ ಪುಕ್ಕಟೆ ಕೊಡುತ್ತಾರೆ. ನಕಾಶೆಯಲ್ಲಿ ಇದ್ದ ಹಾದಿ ತೆರೆದದ್ದು, ಇಲ್ಲದ ಹಾದಿ ಮೋಟಾರಿಗೆ ಮುಚ್ಚಿದ್ದು. ಅಲ್ಲಿಯ ತಂಟೆ ಹೆಚ್ಚಿನಂಶ ಮೋಜಿನ ಗಾಡಿಗಳದು, ನಮ್ಮದು ಹೊಟ್ಟೆಯ ಗಾಡಿ. ಆದರೂ ಪದ್ಧತಿ ಚಲೋ. ಅದರಲ್ಲೇ ಒಂದು ಅಪಾಯವೂ ಇದೆ, ಗಮನಿಸಿರಿ. ಇಂಥ ಪಟ್ಟಿ ನಾಳೆ ನಮ್ಮಲ್ಲೂ ಬಂದು, ಕಚೇರಿಯಲ್ಲಿ ಕುಳಿತವರೇ ಅದನ್ನು ಬರೆದರೆ, ಬಿಟ್ಟುಹೋದ ಹಾದಿ ಕಾಯಂ ಹೋದಂತೆ. ಅವರು ಬರೆಯುವ ಮೊದಲು ನಾವು ಬರೆಯಬೇಕು.

ಕೊಡುವುದನ್ನೂ ಬರೆಯಬೇಕು. ಸೂರ್ಯ ಮುಳುಗಿದ ಮೇಲೆ ಅಡವಿ ಹಾದಿಯಲ್ಲಿ ಟ್ರ್ಯಾಕ್ಟರು ಹೊಡೆಯುವುದಿಲ್ಲ. ಜೋರು ಮಳೆಯ ದಿನಗಳಲ್ಲಿ ಗೇಟು ಹಾಕಿದರೆ ತಕರಾರು ಇಲ್ಲ. ಸಮೀಪ ಆಗುತ್ತದೆಂದು ಹೊಸ ಜಾಡು ಮಾಡುವುದಿಲ್ಲ. ಹೊರಗಿನವರ ಗಾಡಿಯನ್ನು ನಮ್ಮ ಹೆಸರಿನಲ್ಲಿ ಬಿಡಿಸುವುದಿಲ್ಲ. ಪಡೆಯುವುದು: ಸುಗ್ಗಿಗೂ ಬಿತ್ತಿಗೆಗೂ ಉತಾರ ನೋಡಿ ಕೊಡುವ ಹಂಗಾಮಿನ ಪಾಸು, ಗಾಡಿಯ ನಂಬರು, ಹಾದಿಯ ಹೆಸರು ಅದರಲ್ಲೇ. ರಾತ್ರಿಯ ಒಂದು ಮಾತು ಮಾತ್ರ ಗಟ್ಟಿಯಾಗಿ ಹಿಡಿಯಬೇಕು. ಆನೆ ಬರುವ ದಿನಗಳಲ್ಲಿ ಹೊಲ ಕಾಯಲಿಕ್ಕೆ ಹೋಗುವವನು ಹಗಲು ಹೋಗಿ ಏನು ಮಾಡಬೇಕು? ಅವನು ಕತ್ತಲಾಗುವ ಮೊದಲೇ ದಾಟುತ್ತಾನೆ, ಬೆಳಗಾದ ಮೇಲೆ ತಿರುಗುತ್ತಾನೆ. ಆದರೆ ನಡುರಾತ್ರಿ ಮೈಮೇಲೆ ಆನೆ ಬಂತು, ಹಾವು ಕಡಿಯಿತು ಎಂದರೆ ಗೇಟಿನ ಕೀಲಿ ಎಲ್ಲಿರುತ್ತದೆ? ಒಂದು ಕೀಲಿ ಕಾವಲುಗಾರನ ಹತ್ತಿರ, ಇನ್ನೊಂದು ಊರಲ್ಲಿ ಪಂಚಾಯತಿ ಗೊತ್ತುಮಾಡಿದವರ ಹತ್ತಿರ ಇರಬೇಕು. ಇದಕ್ಕೆ ಒಪ್ಪದ ಗೇಟಿಗೆ ನಾವೂ ಒಪ್ಪಬಾರದು.

ಸುಗ್ಗಿ ಬಂದ ಮೇಲೆ ಓಡಾಡಿದರೆ ಆಗುವುದಿಲ್ಲ. ಭೂಮಾಪನ ಕಚೇರಿಗೆ ಅರ್ಜಿ ಹಾಕಿ ನಿಮ್ಮ ಊರಿನ ಗ್ರಾಮ ನಕಾಶೆಯ ಪ್ರತಿ ತೆಗೆಸಿರಿ. ವಯಸ್ಸಾದವರನ್ನು ಕರೆದುಕೊಂಡು ಒಂದು ದಿನ ಹಾದಿ ತಿರುಗಿ ಬರ್ರಿ. ಯಾವ ಹಾದಿ ಎಷ್ಟು ಹೊಲಕ್ಕೆ ಹೋಗುತ್ತದೆ, ಎಲ್ಲಿ ಗೇಟು, ಎಲ್ಲಿ ಕಂದಕ ಎಂದು ಸರ್ವೆ ನಂಬರಿನ ಸಹಿತ ಬರೆಯಿರಿ. ಆ ಯಾದಿಯನ್ನು ಗ್ರಾಮಸಭೆಯಲ್ಲಿ ಓದಿಸಿ ಠರಾವು ಮಾಡಿಸಿರಿ. ಒಂದು ಪ್ರತಿ ತಹಶೀಲ್ದಾರರಿಗೆ, ಒಂದು ರೇಂಜ್ ಕಚೇರಿಗೆ ಕೊಡಿರಿ. ಕೊಟ್ಟದ್ದಕ್ಕೆ ಸಿಕ್ಕಾ ಹಾಕಿದ ಪಾವತಿ ಇಸಿದುಕೊಳ್ಳದೆ ಕಚೇರಿಯಿಂದ ಹೊರಗೆ ಬರಬೇಡಿರಿ.